ನಿನ್ನ ಕೆಲಸ ಯಾವುದು?

ಪ್ರವೇಶ : ಎಲ್ಲ ವಿಷಗಳೂ ಹೊಟ್ಟೆ ಸೇರಿದ ಕೂಡಲೇ ಕೊಲ್ಲುವುದಿಲ್ಲ. ದಿನದಿನಕ್ಕೆ ಕಣ್ಣಿಗೆ ಕಾಣದಷ್ಟು ಮೈಸೇರಿ, ತಿಂಗಳುಗಳ ಅಥವಾ ವರ್ಷಗಳ ಮೇಲೆ ತನ್ನ ಇರವನ್ನು ತೋರಿಸುವ ಸೀಸದ ವಿಷಬಾಧೆಯ ಲಕ್ಷಣಗಳನ್ನೂ ಪರಿಣಾಮಗಳನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

ಶಾಲೆಯ ಪ್ರವಾಸಕ್ಕೆಂದು ಅಕ್ಕಲಕೋಟಕ್ಕೆ ಹೋದ ಮಕ್ಕಳು ಸ್ವಾಮಿ ಸಮರ್ಥರ ದರ್ಶನ ಮುಗಿಸಿಕೊಂಡು ಅರಮನೆಯ ಶಸ್ತ್ರಾಗಾರವನ್ನೂ ನೋಡಿ ಬರುತ್ತಾರೆ. ಕತ್ತಿ, ಗುರಾಣಿ, ಭರ್ಚಿಗಳ ಜೊತೆಗೆ ಹಳೆಯ ಬಂದೂಕುಗಳೂ ಅಲ್ಲಿವೆ. ಹಿಂದಿನ ಕಾಲದ ಬಂದೂಕಿಗೆ ಹಾಕುತ್ತಿದ್ದ ಗುಂಡು ಸೀಸದ್ದು. ಸೀಸವನ್ನು ಒಲೆಯ ಮೇಲೆ ಕರಗಿಸಿ ಅಚ್ಚಿಗೆ ಹೊಯ್ದರೆ ಗುಂಡು ಸಿದ್ಧವಾಗುತ್ತಿತ್ತು. ಆ ಗುಂಡು ತಗುಲಿದವನಿಗೆ ಏನಾಯಿತೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಒಲೆಯ ಮುಂದೆ ಕುಳಿತು ದಿನವೂ ಗುಂಡು ಎರಕ ಹೊಯ್ಯುತ್ತಿದ್ದವನಿಗೆ ಏನಾಗುತ್ತಿತ್ತು? ಅದನ್ನು ಕೇಳಿದವರು ಕಡಿಮೆ. ಈ ಪಾಠ ಆ ಎರಡನೆಯವನನ್ನು ಕುರಿತದ್ದು.

ಸೀಸವು ಬೂದು ಬಣ್ಣದ, ಮೆತ್ತನೆಯ, ಬಲು ಭಾರವಾದ ಲೋಹ. ಹೊಸದಾಗಿ ಕೊಯ್ದಾಗ ಬೆಳ್ಳಿಯಂತೆ ಹೊಳೆಯುತ್ತದೆ. ಗಾಳಿ ತಾಗಿದ ಮೇಲೆ ಮಂಕಾಗುತ್ತದೆ. ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಭಾರವಿದ್ದರೂ ಅದನ್ನು ಕರಗಿಸಲು 327 ಅಂಶ ಸೆಲ್ಸಿಯಸ್ ಉಷ್ಣತೆ ಸಾಕು. ಕಬ್ಬಿಣಕ್ಕೆ ಬೇಕಾದಂಥ ಕುಲುಮೆ ಬೇಡ. ಸೌದೆಯ ಒಲೆಯೇ ನಡೆಯುತ್ತದೆ. ಇಷ್ಟು ಸುಲಭವಾಗಿ ಕೈಗೆ ಬಗ್ಗುವುದರಿಂದ ಮನುಷ್ಯ ಇದನ್ನು ಸಾವಿರಾರು ವರ್ಷಗಳಿಂದ ಬಳಸುತ್ತ ಬಂದಿದ್ದಾನೆ. ರೋಮನ್ನರು ಸೀಸದಿಂದ ನೀರಿನ ಕೊಳವೆ ಮಾಡಿದರು. ಲ್ಯಾಟಿನ್ ಭಾಷೆಯಲ್ಲಿ ಸೀಸಕ್ಕೆ ಪ್ಲಂಬಮ್ ಎಂದು ಹೆಸರು. ಇಂದು ನಮ್ಮ ಮನೆಗೆ ನಳ ರಿಪೇರಿಗೆ ಬರುವ ಪ್ಲಂಬರ್‌ನ ಹೆಸರಿನಲ್ಲಿ ಆ ಸೀಸ ಇನ್ನೂ ಉಳಿದಿದೆ. ಹೆಸರಿನಲ್ಲಿ ಸೀಸ ಉಳಿದಿರುವ ಇನ್ನೊಂದು ವಸ್ತು ನಿಮ್ಮ ದಪ್ತರದಲ್ಲೇ ಇದೆ. ಪೆನ್ಸಿಲ್ಲಿಗೆ ನಾವು ಸೀಸದಕಡ್ಡಿ ಎನ್ನುತ್ತೇವೆ. ಆದರೆ ಅದರೊಳಗೆ ಇರುವುದು ಗ್ರಾಫೈಟ್ ಎಂಬ ಇಂಗಾಲದ ಒಂದು ರೂಪ. ಅದರಲ್ಲಿ ಸೀಸ ಇಲ್ಲ. ಹೆಸರಿಗೆ ಹೆದರಬೇಕಾಗಿಲ್ಲ; ಹೆಸರೇ ಹೇಳದೆ ಬರುವ ಸೀಸಕ್ಕೆ ಹೆದರಬೇಕು.

ಅದು ಹೇಗೆ ಬರುತ್ತದೆ ಎಂಬುದನ್ನು ತಿಳಿಯಲು ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ತರುಣ. ವಯಸ್ಸು ಹತ್ತೊಂಬತ್ತು. ಬೆಳಗಿನ ಎಸ್.ಟಿ. ಹಿಡಿದು ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗುತ್ತಾನೆ. ಕೆಲವು ತಿಂಗಳಿಂದ ಅವನಿಗೆ ಮೈಯಲ್ಲಿ ಹುಷಾರಿಲ್ಲ. ಊರಿನಲ್ಲಿ ಪಿತ್ತ ಎಂದರು, ಜಂತುಹುಳು ಎಂದರು, ಅಜ್ಜಿ ದೃಷ್ಟಿ ತೆಗೆದಳು. ಔಷಧಿ ಅಂಗಡಿಯ ಗುಳಿಗೆಗಳೂ ಮುಗಿದವು. ಕೊನೆಗೆ ಅವನು ಸೊಲ್ಲಾಪುರದ ಒಬ್ಬ ಡಾಕ್ಟರರ ಮುಂದೆ ಕುಳಿತಿದ್ದಾನೆ.

“ಹೊಟ್ಟಿ ಹಿಂಡಿದಾಂಗ ಆಗ್ತದ್ರೀ ಡಾಕ್ಟರ್ ಸಾಹೇಬ್ರ. ಎರಡ್ ಮೂರ್ ದಿನಕ್ಕೊಮ್ಮಿ ಸಂಡಾಸ ಆಗ್ತದ. ತಲಿನೂ ನೋಯ್ತದ. ಮೊದಲಿನಂಗ ತಾಕತ್ತ ಇಲ್ಲ.”

“ಎಷ್ಟ್ ದಿನಾ ಆತು?”

“ಆರ್ ತಿಂಗಳಾತ್ರೀ.”

ಡಾಕ್ಟರರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳಿಚಿತ್ತು. ಬಾಯಿ ತೆರೆಸಿ ಒಸಡು ನೋಡಿದರು. ಬಳಿಕ ಕೇಳಿದರು: “ಏನ್ ಕೆಲಸಾ ಮಾಡ್ತೀ ತಮ್ಮಾ?”

“ಬ್ಯಾಟರಿ ಅಂಗಡ್ಯಾಗ ಇದ್ದೀನ್ರೀ. ಹಳೇ ಬ್ಯಾಟರಿ ಒಡದು ಪ್ಲೇಟ್ ತಗೀತೀನಿ. ಸೀಸಾ ಕರಗಸ್ತೀವಿ.”

“ಊಟಾ ಎಲ್ಲಿ?”

“ಅಲ್ಲೇ ಕುಂತು ಉಣ್ತೀನ್ರೀ. ಅವ್ವ ರೊಟ್ಟಿ ಬುತ್ತಿ ಕಟ್ಟಿರ್ತಾಳ.”

ಡಾಕ್ಟರರು ಪೆನ್ನು ಕೆಳಗಿಟ್ಟರು. ಆರು ತಿಂಗಳಿಂದ ಯಾರೂ ಕೇಳದ ಒಂದು ಪ್ರಶ್ನೆಯಿಂದ ರೋಗದ ದಾರಿ ಸಿಕ್ಕಿತ್ತು.

ಈ ಪ್ರಶ್ನೆಗೆ ಮುನ್ನೂರು ವರ್ಷಗಳ ಇತಿಹಾಸವಿದೆ. ಇಟಲಿಯ ಮೊಡೆನಾ ನಗರದಲ್ಲಿ ಬರ್ನಾರ್ಡಿನೊ ರಾಮಾಜಿನಿ ಎಂಬ ವೈದ್ಯನಿದ್ದ. ಅವನು 1700ರಲ್ಲಿ ಕೆಲಸಗಾರರ ರೋಗಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದ. ಗಣಿಯವರು, ಕುಂಬಾರರು, ಚಿತ್ರಕಾರರು, ಅಗಸರು, ನೇಕಾರರು ಹೀಗೆ ಹತ್ತಾರು ಕಸುಬಿನವರ ಬಳಿಗೆ ತಾನೇ ಹೋಗಿ ಅವರು ಏನು ಮುಟ್ಟುತ್ತಾರೆ, ಏನು ಉಸಿರಾಡುತ್ತಾರೆ, ಹೇಗೆ ಕುಳಿತಿರುತ್ತಾರೆ ಎಂಬುದನ್ನು ನೋಡಿ ಬರೆದ. ಮಡಕೆಗೆ ಹೊಳಪು ಕೊಡಲು ಸೀಸವನ್ನು ಅರೆದು ಹಚ್ಚುತ್ತಿದ್ದ ಕುಂಬಾರರಿಗೆ ಮೊದಲು ಕೈ ನಡುಗುತ್ತದೆ, ಮುಂದೆ ಕೈ ಸತ್ತುಹೋಗುತ್ತದೆ ಎಂದು ಅವನು ಗುರುತಿಸಿದ. ಗ್ರೀಸಿನ ಹಿಪಾಕ್ರಟಿಸನ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತ ಬಂದ ಪ್ರಶ್ನೆಗಳ ಸಾಲಿಗೆ ರಾಮಾಜಿನಿ ಇನ್ನೊಂದನ್ನು ಸೇರಿಸಿದ. ನಿನ್ನ ಕೆಲಸ ಯಾವುದು ಎಂಬುದೇ ಆ ಪ್ರಶ್ನೆ. ಬಡವರ ಮನೆಗೆ ಹೋದ ವೈದ್ಯ ನಾಡಿ ಹಿಡಿಯಲು ಅವಸರ ಮಾಡದೆ ಸ್ವಲ್ಪ ಹೊತ್ತು ಕುಳಿತು ಮಾತಾಡಬೇಕೆಂಬುದು ಅವನ ಸಲಹೆ.

ಸೀಸದ ವಿಷಬಾಧೆಗೆ ಈ ಪ್ರಶ್ನೆ ಏಕೆ ಅಷ್ಟು ಮುಖ್ಯ? ಏಕೆಂದರೆ ಅದರ ಲಕ್ಷಣಗಳಲ್ಲಿ ಹೆಚ್ಚಿನವು ಸೀಸಕ್ಕೇ ಮೀಸಲಾದವಲ್ಲ. ದಣಿವು, ತಲೆನೋವು, ಹಸಿವಿಲ್ಲದಿರುವುದು, ಬಾಯಲ್ಲಿ ಲೋಹದ ರುಚಿ, ಕೀಲುನೋವು, ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಸಿಟ್ಟು, ಮರೆವು. ಇವುಗಳಲ್ಲಿ ಒಂದೆರಡಾದರೂ ಇಲ್ಲದ ಮನೆ ಯಾವುದಿದೆ? ಹೊಟ್ಟೆಯನ್ನು ಹಿಂಡುವಂಥ ನೋವು ಮತ್ತು ಮಲಬದ್ಧತೆ ಒಟ್ಟಿಗೆ ಬಂದಾಗ ವೈದ್ಯರಿಗೆ ಅನುಮಾನ ಬರಬೇಕು. ಕೆಲವರಲ್ಲಿ ಹಲ್ಲು ಮತ್ತು ಒಸಡು ಕೂಡುವಲ್ಲಿ ನೀಲಿ-ಕಪ್ಪು ಬಣ್ಣದ ಸಣ್ಣ ಗೆರೆ ಕಾಣುತ್ತದೆ. ಲಂಡನ್ನಿನ ಹೆನ್ರಿ ಬರ್ಟನ್ ಎಂಬ ವೈದ್ಯ 1840ರಲ್ಲಿ ಇದನ್ನು ವರ್ಣಿಸಿದ್ದರಿಂದ ಅದಕ್ಕೆ ಬರ್ಟನ್ ಗೆರೆ ಎನ್ನುತ್ತಾರೆ. ನಮ್ಮ ಡಾಕ್ಟರರು ತರುಣನ ಬಾಯಿ ತೆರೆಸಿದ್ದು ಇದಕ್ಕಾಗಿಯೇ. ಆದರೆ ಈ ಗೆರೆ ಎಲ್ಲರಲ್ಲೂ ಮೂಡುವುದಿಲ್ಲ. ಗೆರೆ ಇಲ್ಲವೆಂದ ಮಾತ್ರಕ್ಕೆ ಸೀಸ ಇಲ್ಲವೆಂದು ಹೇಳಲಾಗದು.

ಬಿಳಿಚಿಕೊಂಡ ಕಣ್ಣುರೆಪ್ಪೆಗೂ ಕಾರಣವಿದೆ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಬೇಕಾದರೆ ಮೈಯಲ್ಲಿ ಕೆಲವು ಕಿಣ್ವಗಳು ಸಾಲಾಗಿ ಕೆಲಸ ಮಾಡಬೇಕು. ಸೀಸವು ಆ ಕಿಣ್ವಗಳನ್ನು ತಡೆಯುತ್ತದೆ. ಕೊನೆಯ ಹಂತದಲ್ಲಿ ಕಬ್ಬಿಣದ ಅಂಶ ಬಂದು ಸೇರಬೇಕಾದ ಜಾಗಕ್ಕೆ ಸೇರಲಾಗುವುದಿಲ್ಲ. ಹೀಗೆ ರಕ್ತಹೀನತೆ ಬರುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಚಿಕ್ಕ ಮಕ್ಕಳಿಗೂ ರಕ್ತಹೀನತೆ ಹೊಸದಲ್ಲ. ಆದ್ದರಿಂದ ಊಟ ಸಾಲದು ಎಂದು ಹೇಳಿ ಮಾತು ಮುಗಿಸುವುದೇ ಹೆಚ್ಚು. ಬಹಳ ಕಾಲ ಸೀಸ ಸೇರುತ್ತ ಹೋದರೆ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡಗಳು ಸೋಲುತ್ತವೆ. ನರಗಳಿಗೆ ಪೆಟ್ಟು ಬಿದ್ದಾಗ ಮಣಿಕಟ್ಟು ಮೇಲೆ ಎತ್ತಲಾಗದೆ ಕೈ ಬಾಡಿದ ಎಲೆಯಂತೆ ಜೋತು ಬೀಳುತ್ತದೆ.

ಜೋತುಬಿದ್ದ ಈ ಕೈ ಒಂದು ಕಾಲದಲ್ಲಿ ಮುದ್ರಣಾಲಯಗಳಿಗೆ ಪರಿಚಿತವಾಗಿತ್ತು. ನಿಮ್ಮ ಅಜ್ಜ ಅಜ್ಜಿಯರು ಓದಿದ ಪುಸ್ತಕಗಳ ಒಂದೊಂದು ಅಕ್ಷರವೂ ಸೀಸದ ಮೊಳೆ. ಸೀಸಕ್ಕೆ ಸ್ವಲ್ಪ ತವರ, ಸ್ವಲ್ಪ ಆಂಟಿಮನಿ ಬೆರೆಸಿ ಎರಕ ಹೊಯ್ದ ಆ ಅಚ್ಚುಮೊಳೆಗಳನ್ನು ಮಳೆಜೋಡಕರು ಖಾನೆಯಿಂದ ಒಂದೊಂದಾಗಿ ಆರಿಸಿ ಸಾಲು ಕಟ್ಟುತ್ತಿದ್ದರು. ಒತ್ತು, ಕೊಂಬು, ದೀರ್ಘಗಳಿಗೆಲ್ಲ ಬೇರೆ ಬೇರೆ ಮೊಳೆ ಬೇಕಾಗುವ ಕನ್ನಡದಲ್ಲಿ ಬೆರಳಿಗೆ ಕೆಲಸ ಇನ್ನೂ ಹೆಚ್ಚು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತರುಣನಾಗಿದ್ದಾಗ ಲಂಡನ್ನಿನ ಅಚ್ಚುಕೂಟದಲ್ಲಿ ದುಡಿದವನು. ಚಳಿಗಾಲದಲ್ಲಿ ತೊಳೆದ ಮೊಳೆಗಳನ್ನು ಬೆಂಕಿಯ ಮುಂದೆ ಒಣಗಿಸಿ ಬೆಚ್ಚಗಿರುವಾಗಲೇ ಜೋಡಿಸುವುದು ಅವನಿಗೆ ಹಿತವಾಗಿತ್ತು. ಹಾಗೆ ಮಾಡಬೇಡ, ಕೈ ಹೋದೀತು ಎಂದು ಹಿರಿಯ ಕೆಲಸಗಾರನೊಬ್ಬ ಎಚ್ಚರಿಸಿದ. ಬಹಳ ವರ್ಷಗಳ ಬಳಿಕ 1786ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಫ್ರಾಂಕ್ಲಿನ್ ಇದನ್ನೆಲ್ಲ ನೆನೆದಿದ್ದಾನೆ. ಸೀಸದ ಕೆಡುಕು ಇಷ್ಟು ಹಿಂದೆಯೇ ಗೊತ್ತಿದ್ದರೂ ಜನ ಅದನ್ನು ಒಪ್ಪಿ ನಡೆಯಲು ಎಷ್ಟು ಕಾಲ ಬೇಕಾಯಿತೆಂದು ಅವನಿಗೇ ಆಶ್ಚರ್ಯ. ಆಫ್‌ಸೆಟ್ ಯಂತ್ರ ಮತ್ತು ಗಣಕಯಂತ್ರ ಬಂದ ಮೇಲೆ ಅಚ್ಚುಮೊಳೆಗಳು ಹೋದವು. ನೀವು ಓದುತ್ತಿರುವ ಈ ಪುಟದ ಅಕ್ಷರಗಳಿಗೆ ಯಾರೂ ಸೀಸ ಮುಟ್ಟಿಲ್ಲ.

ಮುದ್ರಣಾಲಯದಿಂದ ಹೊರಬಿದ್ದ ಸೀಸ ಈಗ ಬ್ಯಾಟರಿಯಲ್ಲಿ ಕುಳಿತಿದೆ. ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುಪಾಲು ಬ್ಯಾಟರಿಗೇ ಹೋಗುತ್ತದೆ. ಕಾರಿನ ಒಂದು ಬ್ಯಾಟರಿಯಲ್ಲಿ ಸುಮಾರು ಎಂಟು-ಹತ್ತು ಕಿಲೋ ಸೀಸ ಇರುತ್ತದೆ. ಟ್ರಕ್ಕು, ಟ್ರ್ಯಾಕ್ಟರ್, ರಿಕ್ಷಾ ಎಲ್ಲಕ್ಕೂ ಬ್ಯಾಟರಿ ಬೇಕು. ಲೋಡ್ ಶೆಡ್ಡಿಂಗಿನ ಕಾಲದಲ್ಲಿ ಮನೆಮನೆಗೆ ಇನ್ವರ್ಟರ್ ಬಂದಾಗ ಬ್ಯಾಟರಿಯೂ ಮನೆಯೊಳಗೆ ಬಂತು. ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಇರುವವರೆಗೆ ಅದು ಯಾರಿಗೂ ಕೇಡು ಮಾಡುವುದಿಲ್ಲ. ಕೆಟ್ಟುಹೋದ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವಾಗಲೇ ತೊಂದರೆ ಶುರು. ಒಳ್ಳೆಯ ಕಾರಖಾನೆಯಲ್ಲಿ ಈ ಕೆಲಸ ಮುಚ್ಚಿದ ಯಂತ್ರಗಳಲ್ಲಿ, ಹೊಗೆ ಎಳೆಯುವ ವ್ಯವಸ್ಥೆಯೊಂದಿಗೆ ನಡೆಯುತ್ತದೆ. ಬಯಲಿನಲ್ಲಿ ಕೊಡಲಿಯಿಂದ ಒಡೆದು ಕಡಾಯಿಯಲ್ಲಿ ಕರಗಿಸುವಲ್ಲಿ ಹೊಗೆ ಮತ್ತು ಧೂಳು ನೇರ ಮೂಗಿಗೆ, ಕೈಗೆ, ಬುತ್ತಿಗೆ ಬರುತ್ತವೆ. ಹಳೆಯ ಬ್ಯಾಟರಿಯನ್ನು ಮಾರಿದ ಅಂಗಡಿಗೇ ಮರಳಿಸಬೇಕೆಂದೂ ನೋಂದಣಿ ಇದ್ದವರೇ ಅದರಿಂದ ಸೀಸ ತೆಗೆಯಬೇಕೆಂದೂ ನಮ್ಮ ದೇಶ 2001ರಲ್ಲಿ ನಿಯಮ ಮಾಡಿತು. 2022ರಲ್ಲಿ ಅದರ ಬದಲು ಹೊಸ ನಿಯಮ ಬಂತು. ಆದರೂ ಸೈಕಲ್ಲಿನ ಮೇಲೆ ಬರುವ ಭಂಗಾರದವನು ರೊಕ್ಕ ಕೈಗಿಟ್ಟರೆ ಕೊಡದವರು ಯಾರು?

ನಮ್ಮ ನೆರೆಯಲ್ಲೇ ಇದರ ಅಳತೆ ನಡೆದಿದೆ. ಕರಾಡದ ಸಂಶೋಧಕರು ಪಶ್ಚಿಮ ಮಹಾರಾಷ್ಟ್ರದ ಬ್ಯಾಟರಿ ಕೆಲಸಗಾರರು, ಬೆಳ್ಳಿಯ ಆಭರಣ ಮಾಡುವವರು ಮತ್ತು ಸ್ಪ್ರೇ ಬಣ್ಣ ಹೊಡೆಯುವವರ ರಕ್ತವನ್ನು ಪರೀಕ್ಷಿಸಿ 2007ರ ಸುಮಾರಿಗೆ ಫಲಿತಾಂಶ ಪ್ರಕಟಿಸಿದರು. ರಕ್ತದಲ್ಲಿನ ಸೀಸವನ್ನು ಮೈಕ್ರೋಗ್ರಾಂನಲ್ಲಿ ಅಳೆಯುತ್ತಾರೆ. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು ಎಂದರೆ ಒಂದು ಮೈಕ್ರೋಗ್ರಾಂ. ನೂರು ಮಿಲಿಲೀಟರ್ ರಕ್ತದಲ್ಲಿ ಬ್ಯಾಟರಿ ಕೆಲಸಗಾರರಿಗೆ ಸರಾಸರಿ 50 ಮೈಕ್ರೋಗ್ರಾಂಗೂ ಹೆಚ್ಚು ಸೀಸವಿತ್ತು. ಬೆಳ್ಳಿ ಕೆಲಸದವರದೂ ಅದಕ್ಕೆ ಹತ್ತಿರ. ಬಣ್ಣ ಹೊಡೆಯುವವರದು ಅದರ ಅರ್ಧಕ್ಕಿಂತ ಕಡಿಮೆ. ಇಂಥ ಕೆಲಸ ಮಾಡದವರಿಗಿಂತ ಮೂರೂ ಗುಂಪಿನವರಲ್ಲಿ ಸೀಸ ಹೆಚ್ಚಾಗಿತ್ತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಮೈಕ್ರೋಗ್ರಾಂ ಕಂಡರೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕೆಂದು. ಇಷ್ಟು ಸೀಸ ಇದ್ದರೆ ನಡೆಯುತ್ತದೆ ಎಂಬ ಸುರಕ್ಷಿತ ಮಿತಿಯೇ ಗೊತ್ತಿಲ್ಲ.

ಮೈಸೇರಿದ ಸೀಸ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಭಾಗ ಮೂತ್ರದಲ್ಲಿ ಹೊರಬೀಳುತ್ತದೆ. ರಕ್ತದಲ್ಲಿರುವುದು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇದು ಒಳ್ಳೆಯ ಸುದ್ದಿ ಎನಿಸೀತು. ಆದರೆ ನಮ್ಮ ಮೈ ಸೀಸವನ್ನು ಸುಣ್ಣದ ಅಂಶವೆಂದು, ಅಂದರೆ ಕ್ಯಾಲ್ಸಿಯಂ ಎಂದು ತಪ್ಪಾಗಿ ತಿಳಿದು ಎಲುಬಿನಲ್ಲಿ ತುಂಬಿಡುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಎಲುಬು ಹಲ್ಲುಗಳಲ್ಲೇ ಇರುತ್ತದೆ, ಅಲ್ಲಿ ಹತ್ತಿಪ್ಪತ್ತು ವರ್ಷ ಕೂತಿರುತ್ತದೆ. ಮುಪ್ಪಿನಲ್ಲಿ ಎಲುಬು ಸವೆಯುವಾಗ ಅದು ಮತ್ತೆ ರಕ್ತಕ್ಕೆ ಇಳಿಯುತ್ತದೆ. ಗರ್ಭಿಣಿಯ ಎಲುಬಿನಿಂದ ಹೊಟ್ಟೆಯ ಕೂಸಿಗೆ ಸುಣ್ಣ ಹೋಗುವಾಗ ಅದರ ಜೊತೆಗೆ ಸೀಸವೂ ಹೋಗುತ್ತದೆ. ತಾಯಿ ಬಾಲ್ಯದಲ್ಲಿ ಉಂಡ ಸೀಸ ಹೀಗೆ ಇನ್ನೂ ಹುಟ್ಟದ ಕೂಸಿಗೆ ಮುಟ್ಟುತ್ತದೆ.

ಸೀಸದ ಪೆಟ್ಟು ಹೆಚ್ಚಾಗಿ ಬೀಳುವುದು ಮಕ್ಕಳಿಗೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ರಕ್ತಕ್ಕೆ ಸೇರಿದರೆ, ಚಿಕ್ಕ ಮಗು ನುಂಗಿದ್ದರಲ್ಲಿ ಅರ್ಧದವರೆಗೂ ಸೇರಬಹುದು. ಅಂಬೆಗಾಲಿಡುವ ಮಗು ನೆಲದ ಧೂಳಿನಲ್ಲೇ ಆಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅದೇ ಕಾಲದಲ್ಲಿ ಅದರ ಮೆದುಳು ಬೆಳೆಯುತ್ತಿರುತ್ತದೆ. ಸೀಸ ತೀರ ಹೆಚ್ಚಾದರೆ ವಾಂತಿ, ಸೆಳೆತ, ಎಚ್ಚರ ತಪ್ಪುವುದು, ಸಾವು. ಇವು ಕಣ್ಣಿಗೆ ಕಾಣುವಂಥವು. ಕಡಿಮೆ ಸೀಸವು ಏನು ಮಾಡುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದು ಮಕ್ಕಳ ಹಾಲುಹಲ್ಲು.

ನಮ್ಮಲ್ಲಿ ಹಾಲುಹಲ್ಲು ಬಿದ್ದರೆ ಮಾಳಿಗೆಯ ಮೇಲೆ ಎಸೆಯುತ್ತೇವೆ. ಅಮೆರಿಕದ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯ ಬಾಸ್ಟನ್ನಿನ ಪಕ್ಕದ ಎರಡು ಊರುಗಳ ಶಾಲೆಗಳಿಗೆ ಹೋಗಿ, ಬಿದ್ದ ಹಲ್ಲನ್ನು ನಮಗೆ ಕೊಡಿ ಎಂದು ಕೇಳಿದ. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಕೊಟ್ಟರು. ಹಲ್ಲಿನಲ್ಲಿ ಕೂತ ಸೀಸವನ್ನು ಅಳೆದು, ತುಂಬ ಹೆಚ್ಚು ಇದ್ದ ಮಕ್ಕಳನ್ನೂ ತುಂಬ ಕಡಿಮೆ ಇದ್ದ ಮಕ್ಕಳನ್ನೂ ಬುದ್ಧಿಶಕ್ತಿಯ ಪರೀಕ್ಷೆಗೆ ಕೂರಿಸಿದರು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂದು ತಿಳಿಸದೆಯೇ, ತರಗತಿಯಲ್ಲಿ ಆ ಮಕ್ಕಳು ಹೇಗಿರುತ್ತಾರೆಂದು ಶಿಕ್ಷಕರನ್ನು ಕೇಳಿದರು. ಸೀಸ ಹೆಚ್ಚಿದ್ದ ಮಕ್ಕಳು ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಗಮನ ನಿಲ್ಲುವುದಿಲ್ಲ, ಹೇಳಿದ್ದನ್ನು ಕ್ರಮವಾಗಿ ಮಾಡುವುದಿಲ್ಲ ಎಂದು ಶಿಕ್ಷಕರು ಗುರುತಿಸಿದ್ದೂ ಅವರನ್ನೇ. 1979ರಲ್ಲಿ ಇದು ಪ್ರಕಟವಾಯಿತು. ಆ ಮಕ್ಕಳಲ್ಲಿ ಯಾರಿಗೂ ಹೊಟ್ಟೆನೋವಿರಲಿಲ್ಲ, ಯಾರ ಕೈಯೂ ಜೋತುಬಿದ್ದಿರಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲರೂ ಗಟ್ಟಿಮುಟ್ಟಾದ ಮಕ್ಕಳೇ. ತರಗತಿಯಲ್ಲಿ ಗಮನವಿಲ್ಲದ ಮಗುವಿಗೆ ದಡ್ಡ ಎನ್ನುವುದು ಎಷ್ಟು ಸುಲಭ! ದಡ್ಡತನಕ್ಕೆ ಕಾರಣ ಹುಡುಕುವುದು ಅಷ್ಟು ಸುಲಭವಲ್ಲ.

ನಮ್ಮ ದೇಶದಲ್ಲಿ ಈ ಹುಡುಕಾಟಕ್ಕೆ ಬೆಂಗಳೂರು ಮುಂದಾಯಿತು. ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ಬೆಂಗಳೂರು, ಮುಂಬಯಿ, ದಿಲ್ಲಿ, ಚೆನ್ನೈ, ಹೈದರಾಬಾದ್ ಮುಂತಾದ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷಿಸಿತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ಹನ್ನೆರಡು ವರ್ಷದೊಳಗಿನ ನಗರದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನರ ರಕ್ತದಲ್ಲಿ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡುಬಂದಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಮುಂದೆ ಸೀಸದ ಪರೀಕ್ಷೆ ಮತ್ತು ತಿಳಿವಳಿಕೆಯನ್ನೇ ತಮ್ಮ ಕೆಲಸ ಮಾಡಿಕೊಂಡರು. ಆಗ ನಗರದ ಸೀಸಕ್ಕೆ ದೊಡ್ಡ ಕಾರಣ ಪೆಟ್ರೋಲು. ಎಂಜಿನ್ ಸದ್ದಿಲ್ಲದೆ ಓಡಲೆಂದು ಅದಕ್ಕೆ ಸೀಸ ಬೆರೆಸುತ್ತಿದ್ದರು. ಹೊಗೆಯೊಡನೆ ಅದು ಬೀದಿಗೆ ಬೀಳುತ್ತಿತ್ತು. 2000ದಲ್ಲಿ ಭಾರತದಾದ್ಯಂತ ಸೀಸರಹಿತ ಪೆಟ್ರೋಲು ಬಂತು. ಪರಿಣಾಮವೂ ಕಂಡಿತು. ಮುಂಬಯಿಯಲ್ಲಿ 1997ರಲ್ಲಿ ನೂರಕ್ಕೆ ಸುಮಾರು 62 ಮಕ್ಕಳಲ್ಲಿ 10 ಮೈಕ್ರೋಗ್ರಾಂ ದಾಟಿದ್ದ ಸೀಸ, ಪೆಟ್ರೋಲು ಬದಲಾಗಿ ಕೆಲವೇ ವರ್ಷಗಳಲ್ಲಿ ನೂರಕ್ಕೆ ಸುಮಾರು 33 ಮಕ್ಕಳಿಗೆ ಇಳಿಯಿತು. ಯಾವ ಮಗುವಿಗೂ ಒಂದು ಗುಳಿಗೆ ಕೊಡದೆ ಆದ ಬದಲಾವಣೆ ಇದು.

ಉಳಿದ ಸೀಸ ಎಲ್ಲಿಂದ? ಇದಕ್ಕೆ ಉತ್ತರ ಹುಡುಕಬೇಕಾದರೆ ಕೆಲಸದ ಜಾಗದಿಂದ ಮನೆಯ ಕಡೆಗೆ ಬರಬೇಕು. 2020ರಲ್ಲಿ ಯುನಿಸೆಫ್ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ನಮ್ಮ ದೇಶದವರು. ಇಷ್ಟು ಮಕ್ಕಳೆಲ್ಲ ಬ್ಯಾಟರಿ ಅಂಗಡಿಯ ಪಕ್ಕದಲ್ಲಿಲ್ಲ.

ನಮ್ಮ ಊರುಗಳ ಹಣಮಂತ ದೇವರ ಗುಡಿಗೆ ಹೋಗಿ. ಮೂರ್ತಿಗೆ ಎಣ್ಣೆಯಲ್ಲಿ ಕಲಸಿದ ಶೇಂದೂರ ಹಚ್ಚಿರುತ್ತಾರೆ. ಹಿಂದಿನಿಂದ ಬಂದ ಕಿತ್ತಳೆಗೆಂಪಿನ ಶೇಂದೂರವೆಂದರೆ ಸೀಸದ ಒಂದು ಆಕ್ಸೈಡು. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ಸೀಸವೇ. ಮೂರು ವರ್ಷದ ಮಗುವಿನ ಮೈಯಲ್ಲಿ ಇರುವುದು ಸುಮಾರು ಒಂದು ಲೀಟರ್ ರಕ್ತ. ಆ ರಕ್ತದಲ್ಲಿ ಸೀಸ 5ರ ಮಟ್ಟಕ್ಕೆ ಬರಲು ಒಟ್ಟು 50 ಮೈಕ್ರೋಗ್ರಾಂ ಸಾಕು. ಬೆರಳ ತುದಿಗೆ ಅಂಟಿದ ಒಂದೇ ಮಿಲಿಗ್ರಾಂ ಶೇಂದೂರದಲ್ಲಿ 900 ಮೈಕ್ರೋಗ್ರಾಂ ಸೀಸವಿದೆ. ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ನಿಜ. ಆದರೆ ಲೆಕ್ಕ ಎಷ್ಟು ಬಿಗಿಯಾಗಿದೆ ನೋಡಿ. ದೇವರಿಗೆ ಕೈಮುಗಿಯುವುದರಿಂದ ಏನೂ ಆಗದು. ಹಣೆಗೆ ಹಚ್ಚಿದ ಕೈಯಿಂದಲೇ ಪ್ರಸಾದ ತಿನ್ನುವಾಗ ಆಗುತ್ತದೆ. ನಮ್ಮ ತಾಯಂದಿರು ಹಚ್ಚುವ ಕುಂಕುಮ ಬೇರೆ. ಅರಿಶಿಣಕ್ಕೆ ಟಂಕಣಖಾರ, ಲಿಂಬೆರಸ ಬೆರೆಸಿ ಮಾಡಿದ ಅಸಲಿ ಕುಂಕುಮದಲ್ಲಿ ಸೀಸದ ಕೆಲಸವಿಲ್ಲ. ಪೇಟೆಯ ಅಗ್ಗದ ಪುಡಿಯಲ್ಲಿ ಯಾವ ಬಣ್ಣ ಬೆರೆತಿದೆಯೋ ಕಣ್ಣಿಗೆ ತಿಳಿಯದು. ಅಮೆರಿಕದ ನ್ಯೂಜರ್ಸಿಯ ಸಂಶೋಧಕರು ಅಲ್ಲಿಯ ಅಂಗಡಿಗಳಿಂದಲೂ ಭಾರತದಿಂದಲೂ ತಂದ ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ, ಹತ್ತರಲ್ಲಿ ಎಂಟರಲ್ಲಿ ಸೀಸದ ಅಂಶ ಇತ್ತು.

ಅಡುಗೆಮನೆಗೂ ಒಂದು ಸುತ್ತು ಹಾಕೋಣ. ತಾಮ್ರ ಹಿತ್ತಾಳೆಯ ಪಾತ್ರೆಗೆ ನವಸಾಗರ ಉಜ್ಜಿ ತವರದ ಕಲಾಯಿ ಹಾಕುವುದು ಹಳೆಯ ಪದ್ಧತಿ. ತವರ ದುಬಾರಿ, ಸೀಸ ಅಗ್ಗ. ತವರಕ್ಕೆ ಸೀಸ ಬೆರೆಸಿದರೆ ಲಾಭ ಕಲಾಯಿಯವನಿಗೆ, ನಷ್ಟ ಆ ಪಾತ್ರೆಯಲ್ಲಿ ಹುಳಿ ಕುದಿಸಿ ಉಣ್ಣುವವರಿಗೆ. ಹುಳಿ ಸೀಸವನ್ನು ಕರಗಿಸಿಕೊಳ್ಳುತ್ತದೆ. ಅರಿಶಿಣಕ್ಕೆ ಹಳದಿ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಸೀಸದ ಬಣ್ಣ ಬೆರೆಸುವ ಕಲಬೆರಕೆಯೂ ಉಂಟು. ಇದು ಕಾನೂನಿಗೆ ವಿರುದ್ಧ. ಬಾಂಗ್ಲಾದೇಶದಲ್ಲಿ 2019ರಲ್ಲಿ ಅರಿಶಿಣದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಪತ್ತೆಯಾಯಿತು. ಸರಕಾರ ಪೇಟೆಗಳಲ್ಲಿ ತಪಾಸಣೆ ಮಾಡಿ, ದಂಡ ಹಾಕಿ, ಜನರಿಗೆ ತಿಳಿಹೇಳಿದ ಮೇಲೆ 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಗೋಡೆ ಬಾಗಿಲುಗಳ ಬಣ್ಣದಲ್ಲೂ ಹಿಂದೆ ಸೀಸ ಧಾರಾಳವಾಗಿತ್ತು. 2017ರ ನವೆಂಬರದಿಂದ ನಮ್ಮಲ್ಲಿ ಮನೆಗೆ ಹಚ್ಚುವ ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು. ಅದಕ್ಕೂ ಮೊದಲಿನ ಬಣ್ಣ ಹಳೆಯ ಕಿಟಕಿಗಳ ಮೇಲೆ ಹಾಗೆಯೇ ಇದೆ. ದೀಪಾವಳಿಗೆ ಅದನ್ನು ಕೆರೆಯುವಾಗ ಏಳುವ ಧೂಳಿನಲ್ಲಿ ಮಕ್ಕಳನ್ನು ಆಡಬಿಡಬಾರದು. ಒಣ ಕಸಬರಿಗೆಗಿಂತ ಒದ್ದೆ ಅರಿವೆ ಲೇಸು.

ಇನ್ನು ದುಡಿಯುವವನೇ ಮನೆಗೆ ತರುವ ಸೀಸ. ಸೆನೆಗಲ್ ದೇಶದ ಡಾಕಾರ್ ನಗರದ ಬಳಿ ತಿಯಾರೋಯ್ ಎಂಬಲ್ಲಿ ಬಡ ಹೆಣ್ಣುಮಕ್ಕಳು ಹಳೆಯ ಬ್ಯಾಟರಿಯ ಮಣ್ಣನ್ನು ಜರಡಿ ಹಿಡಿದು ಸೀಸದ ಚೂರು ಆರಿಸಿ ಮಾರುತ್ತಿದ್ದರು. ಕೂಸುಗಳು ಅಲ್ಲೇ ಆಡುತ್ತಿದ್ದವು. 2007ರ ನವೆಂಬರದಿಂದ 2008ರ ಮಾರ್ಚದೊಳಗೆ ಅಲ್ಲಿ 18 ಮಕ್ಕಳು ತೀರಿಕೊಂಡವು. ಮೊದಮೊದಲು ಯಾರಿಗೂ ಕಾರಣ ಹೊಳೆಯಲಿಲ್ಲ.

ನಮ್ಮ ತರುಣನ ಕಡೆಗೆ ಮರಳೋಣ. ಅವನ ರಕ್ತವನ್ನು ದೊಡ್ಡ ಪ್ರಯೋಗಶಾಲೆಗೆ ಕಳಿಸಿದರು. ವಾರದ ಮೇಲೆ ಉತ್ತರ ಬಂತು: 58 ಮೈಕ್ರೋಗ್ರಾಂ. ಮದ್ದು ಇದೆ. ಸೀಸವನ್ನು ಹಿಡಿದುಕೊಂಡು ಮೂತ್ರದ ದಾರಿಯಲ್ಲಿ ಹೊರಗೆ ಒಯ್ಯುವ ಔಷಧಗಳಿವೆ. ಆದರೆ ಡಾಕ್ಟರರು ಮೊದಲು ಹೇಳಿದ್ದು ಕೆಲಸ ಬಿಡಬೇಕೆಂದು. ಸೀಸ ಒಳಗೆ ಬರುತ್ತಲೇ ಇದ್ದರೆ ಔಷಧ ಕೊಟ್ಟೂ ಪ್ರಯೋಜನವಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದ. ದಿನದ ಕೂಲಿಯನ್ನು ಬಿಡುವುದು ಹೇಳಿದಷ್ಟು ಸುಲಭವಲ್ಲವೆಂದು ಡಾಕ್ಟರರಿಗೂ ಗೊತ್ತಿತ್ತು. ಬೇರೆ ಕೆಲಸ ಸಿಗುವವರೆಗೆ ಒಡೆಯುವ ಕರಗಿಸುವ ಜಾಗದಿಂದ ದೂರ ಇರು, ಬುತ್ತಿ ಅಲ್ಲಿ ಬಿಚ್ಚಬೇಡ, ಕೈ ತೊಳೆಯದೆ ತಂಬಾಕು ಬಾಯಿಗೆ ಹಾಕಬೇಡ, ಅಲ್ಲಿಯ ಅರಿವೆ ಮನೆಗೆ ತರಬೇಡ ಎಂದರು. ಹಸಿದ ಹೊಟ್ಟೆ ಸೀಸವನ್ನು ಬೇಗ ಹೀರುತ್ತದೆ. ಮೈಯಲ್ಲಿ ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು ಹೀರುತ್ತದೆ. ಆದ್ದರಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಡದೆ ಸಜ್ಜೆ ರೊಟ್ಟಿ, ಮೆಂತ್ಯೆ ಪಲ್ಯ, ಎಳ್ಳು, ಮಜ್ಜಿಗೆ, ಪೇರಲ ಹಣ್ಣು ಹೀಗೆ ಸಿಕ್ಕಿದ್ದನ್ನು ತಿನ್ನಬೇಕು. ಸೊಲ್ಲಾಪುರದ ಶೇಂಗಾ ಚಟ್ನಿಯೂ ನಡೆಯುತ್ತದೆ ಎಂದು ಅವರು ನಕ್ಕರು.

ಅವನು ಏಳುವಷ್ಟರಲ್ಲಿ ಡಾಕ್ಟರರು ಇನ್ನೊಂದು ಪ್ರಶ್ನೆ ಕೇಳಿದರು.

“ಮನ್ಯಾಗ ಸಣ್ಣ ಹುಡುಗ್ರು ಯಾರರೆ ಅದಾರೇನು?”

“ಅಕ್ಕನ ಮಗಳು ಅದಾಳ್ರೀ, ಮೂರ್ ವರ್ಷದಾಕಿ. ನಾ ಸಂಜೀಕ ಮನಿಗಿ ಹೋದ ಕೂಡ್ಲೆ ಮಾಮಾ ಅಂತ ಓಡಿ ಬಂದು ತೊಡಿ ಮ್ಯಾಲ ಕೂಡ್ತಾಳ.”

“ಇದೇ ಅಂಗಿ ಮ್ಯಾಲ?”

ತರುಣ ತನ್ನ ಅಂಗಿಯನ್ನು ನೋಡಿಕೊಂಡ. ತೋಳಿನ ಮಡಿಕೆಯಲ್ಲಿ ಬೂದು ಬಣ್ಣದ ಧೂಳು ಕೂತಿತ್ತು. ಡಾಕ್ಟರರು ಚೀಟಿಯಲ್ಲಿ ಅವನ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆದು ಅವನ ಕೈಗಿಟ್ಟರು.

“ಬರೂ ಸೋಮವಾರ ಆಕಿನ್ನೂ ಕರ್ಕೊಂಡ ಬಾ.”